ಮೂರು ಕೊನೆಯ ಚರಣಗಳು

ಲೋಕದಲ್ಲಿ ಎಲ್ಲ ಕಡೆ ಜನ ಮೊದಲ ಮರ್ಯಾದೆಗೆ ಹೊಡೆದಾಡುತ್ತಾರೆ. ಮೊದಲ ಪಂಕ್ತಿ, ಮೊದಲ ಕುರ್ಚಿ, ಮೊದಲ ತಾಂಬೂಲ. ಬ್ರಾಂಕ್ಸಿನ ನಮ್ಮ ಬೀದಿ ಮಾತ್ರ ಲೋಕಕ್ಕೆ ಉಲ್ಟಾ. ಇಲ್ಲಿ ತಲೆ ಒಡೆಯುವುದು ಕೊನೆಯ ಮರ್ಯಾದೆಗೆ. ಹಲವರು ಸೇರಿ ಒಂದು ರ್‍ಯಾಪ್ ಹಾಡು ಕಟ್ಟಿದರೆ, ಕೊನೆಯ ಚರಣ ಯಾರ ಬಾಯಿಗೆ ಬೀಳುತ್ತದೋ ಅವನೇ ದೊರೆ. ಮೊದಲ ಚರಣ ಹೇಳಿದವನು ಬಾಗಿಲು ತೆಗೆಯುವ ಜವಾನ. ಮಧ್ಯದವನನ್ನು ಹೆತ್ತ ತಾಯಿಯೂ ನೆನಪಿಡುವುದಿಲ್ಲ. ಇದನ್ನು ಯಾರೂ ಕಾನೂನು ಮಾಡಿ ಬರೆದಿಟ್ಟಿಲ್ಲ ನಿಜ. ಆದರೆ ನನ್ನ ಸಲೂನಿನ ಕುರ್ಚಿಯಲ್ಲಿ ಕೂತು ಇದು ಸುಳ್ಳೆಂದು ವಾದಿಸಿದವನು ಅರ್ಧ ಕ್ಷೌರದಲ್ಲೇ ಎದ್ದು ಹೋಗಬೇಕಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಡೆಲ್ಬರ್ಟ್ ಗ್ಯಾಡ್ಸನ್ ಮಾಡಿದ ಕೆಲಸಕ್ಕೆ ಏನನ್ನಬೇಕೋ ನೀವೇ ಹೇಳಿ.

ಡೆಲ್ಬರ್ಟ್ ಸಿಟಿ ಬಸ್ ಓಡಿಸುತ್ತಾನೆ. ವಯಸ್ಸಿನಲ್ಲಿ ರ್‍ಯಾಪ್ ಮಾಡುವವರ ಹಿಂದೆ ನಿಂತು "ಹೌದು! ಹೌದು! ಮತ್ತೆ ಹೇಳು!" ಎಂದು ಹುರಿದುಂಬಿಸುವ ಕೆಲಸ ಮಾಡುತ್ತಿದ್ದ. ಮೈಕ್ ಹೋಯಿತು, ಅಭ್ಯಾಸ ಹೋಗಲಿಲ್ಲ. ಯಾರು ಏನು ಕೇಳಿದರೂ "ಹೌದು" ಅಂದುಬಿಡುತ್ತಾನೆ. ನಿಲ್ದಾಣವಲ್ಲದ ಕಡೆ ಕೈ ತೋರಿಸಿದರೂ ಬಸ್ ನಿಲ್ಲಿಸುತ್ತಾನೆ. ಆಮೇಲೆ ಮುಂದಿನ ನಿಲ್ದಾಣದವರಿಂದ ಬೈಸಿಕೊಳ್ಳುತ್ತಾನೆ.

ಅವನ ಹೆಂಡತಿ ಗ್ವೆಂಡೊಲಿನ್. ಹಗಲು ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಮೈಕ್ ಹಿಡಿದರೆ 'ಡಚೆಸ್'. ಅವಳ ಅಣ್ಣ ರೋಲಂಡ್ ಬೂಟಿನಂಗಡಿಯಲ್ಲಿ ಜನರ ಕಾಲು ಅಳೆಯುತ್ತಾನೆ, ಮೈಕ್ ಹಿಡಿದರೆ 'ಕಿಡ್ ಥಂಡರ್'. ಈ ಕಥೆ ನಡೆದಾಗ ಕಿಡ್ಡಿಗೆ ಮೂವತ್ತಾರು ವರ್ಷ. ಅಣ್ಣತಂಗಿ ಇಬ್ಬರೂ ಒಂದು ಕಾಲದಲ್ಲಿ ಒಂದೇ ತಂಡ. ಇಡೀ ಬೀದಿ ಅವರ ಹಾಡಿಗೆ ಕುಣಿಯುತ್ತಿತ್ತು. ಒಂದು ದಿನ ರೋಲಂಡ್ ರೇಡಿಯೋದಲ್ಲಿ ಹರಟುತ್ತಾ ನಗುತ್ತಾ ಹೇಳಿಬಿಟ್ಟ: "ನನ್ ತಂಗಿ ಸಾಲುಗಳನ್ನ ನಾನೇ ಸ್ವಲ್ಪ ತಿದ್ದಿ ಕೊಡ್ತೀನಿ."

ರ್‍ಯಾಪ್ ಮಾಡುವವರನ್ನು ಕಳ್ಳ ಅನ್ನಿ, ಖದೀಮ ಅನ್ನಿ, ನಕ್ಕು ಸುಮ್ಮನಾಗುತ್ತಾರೆ. ಅವರ ಸಾಲು ಇನ್ನೊಬ್ಬರು ಬರೆದದ್ದು ಅಂದಿರೋ, ಮುಗಿಯಿತು. ಡಚೆಸ್ ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಳು. ಬೇರೆ ತಂಡ ಕಟ್ಟಿದಳು, ಅದನ್ನೂ ಒಡೆದಳು. ಅವನೂ ಒಂದು ಕಟ್ಟಿದ, ಒಡೆದ.

ಈ ಯುದ್ಧದಲ್ಲಿ ಹೆಚ್ಚು ಗಾಯವಾದದ್ದು ಡೆಲ್ಬರ್ಟ್‌ನ ಹೊಟ್ಟೆಗೆ. ಭಾನುವಾರ ಇಗರ್ಜಿ ಮುಗಿದ ಮೇಲೆ ಅತ್ತೆ, ಇಡೀ ಬೀದಿ ಮರ್ಯಾದೆಯಿಂದ 'ಮಿಸ್ ಅರ್ಲೀನ್' ಎನ್ನುವವರು, ಎರಡು ಪಾಳಿಯಲ್ಲಿ ಊಟ ಹಾಕುತ್ತಿದ್ದರು. ಮೊದಲ ಪಾಳಿ ಮಗಳದ್ದು, ಅವಳು ಎದ್ದು ಹೋದ ಮೇಲೆ ಎರಡನೆಯದು ಮಗನದ್ದು. ಗಂಡನಾದ್ದರಿಂದ ಮೊದಲನೆಯದಕ್ಕೆ ಡೆಲ್ಬರ್ಟ್ ಕೂರಬೇಕು. ಎರಡನೆಯದಕ್ಕೆ ಕೂರದಿದ್ದರೆ "ಓಹೋ, ಹೆಂಡ್ತಿ ಪಕ್ಷ!" ಎಂದು ರೋಲಂಡ್ ಸಿಡುಕುತ್ತಾನೆ. ಹೀಗಾಗಿ ಎರಡು ಸಲ ಕರಿದ ಕೋಳಿ, ಎರಡು ಸಲ ಸೊಪ್ಪು, ಎರಡು ಸಲ ಮ್ಯಾಕರೋನಿ. ಬಸ್ಸಿನ ಸ್ಟೀರಿಂಗಿಗೂ ಅವನ ಹೊಟ್ಟೆಗೂ ನಡುವೆ ಗಾಳಿಯೂ ಆಡದಂತಾಯಿತು.

ತೊಂಬತ್ತಾರರ ಬೇಸಿಗೆಯಲ್ಲಿ ಮಿಸ್ ಅರ್ಲೀನ್ ಒಂದು ಮಾತು ಹೇಳಿದರು. ಮೆತ್ತಗೇ ಹೇಳಿದರು. ಆ ಮನೆಯಲ್ಲಿ ಮೆತ್ತಗೆ ಮಾತಾಡುವುದು ಅವರೊಬ್ಬರೇ.

"ಡೆಲ್ಬರ್ಟ್, ಬೀದಿ ಹಬ್ಬದ ದಿನ ನಂಗೆ ಎಪ್ಪತ್ತು ತುಂಬುತ್ತೆ. ಅವತ್ತು ನನ್ ಮಕ್ಕಳಿಬ್ಬರೂ ಒಂದೇ ಮೇಜಿಗೆ ಕೂತು, ಸಿಹಿ ತಿನ್ನೋವರೆಗೂ ಎದ್ದು ಹೋಗದೆ ಊಟ ಮಾಡ್ಬೇಕು. ಇಲ್ದಿದ್ರೆ ನಾನು ಸೌತ್ ಕ್ಯಾರೊಲಿನಾಗೆ ತಂಗಿ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ."

ಅತ್ತೆ ಊರು ಬಿಟ್ಟು ಹೋಗುತ್ತೇನೆ ಅಂದರೆ ಬೇರೆ ಅಳಿಯಂದಿರಾದರೆ ಸೂಟ್‌ಕೇಸ್ ತಂದುಕೊಡುತ್ತಿದ್ದರು. ಡೆಲ್ಬರ್ಟ್ ಅವರ ಕೈ ಹಿಡಿದುಕೊಂಡ. ಅವನು ತಂದೆತಾಯಿ ಇಲ್ಲದೆ ಅವರಿವರ ಮನೆಯಲ್ಲಿ ಬೆಳೆದವನು. ಅವನನ್ನು 'ಮಗಾ' ಎಂದು ಕರೆದವರು ಈ ಭೂಮಿಯ ಮೇಲೆ ಅವರೊಬ್ಬರೇ.

"ಕೂರಿಸ್ತೀನಮ್ಮಾ," ಅಂದ. "ಹೌದು, ಕೂರಿಸ್ತೀನಿ."

ಮಾರನೇ ದಿನ ನನ್ನ ಸಲೂನಿಗೆ ಬಂದ. ಒಂದು ಕೆನ್ನೆಗೆ ನೊರೆ ಬಿದ್ದಿರುವಾಗಲೇ ಎದ್ದು ನಿಂತು, ಕೂತಿದ್ದವರಿಗೆಲ್ಲ ಕೇಳುವಂತೆ ಘೋಷಣೆ ಮಾಡಿದ.

"ಎಲ್ರೂ ಕೇಳಿ! ಬೀದಿ ಹಬ್ಬಕ್ಕೆ ಮಹಾತಂಡ ಬರ್ತಾ ಇದೆ. ಡಚೆಸ್, ಕಿಡ್ ಥಂಡರ್, ವಜೀರ್. ಮೂವರೂ ಒಂದೇ ಸ್ಟೇಜಿನ ಮೇಲೆ. ಮ್ಯಾನೇಜರ್, ನಾನು!"

ಕ್ಷೌರದ ಕತ್ತಿ ನನ್ನ ಕೈಯಿಂದ ಬಿತ್ತು. ವಜೀರ್ ಅಂದರೆ ಎದುರು ಕಟ್ಟಡದ ಹೋರೇಸ್. ಅಂಚೆ ವಿಂಗಡಿಸುವವನು. ಮಾತಾಡಿದರೆ ಮಹಾಸಾಮ್ರಾಜ್ಯದ ಆಜ್ಞೆ ಹೊರಡಿಸಿದ ಹಾಗೆ ಮಾತಾಡುತ್ತಾನೆ.

"ಅವನ್ಯಾಕಪ್ಪಾ ಮಧ್ಯೆ?" ಅಂದೆ.

"ಅಣ್ಣತಂಗಿ ಮಧ್ಯೆ ಒಂದು ಗೋಡೆ ಬೇಕಲ್ಲಣ್ಣ. ಒಂದೇ ಹಾಡು ಕಟ್ಟಿದ್ರೆ ಒಂದೇ ಕಡೆ ಬರ್ಲೇಬೇಕು. ಒಂದೇ ಕಡೆ ಬಂದ್ರೆ ಹಸಿವಾಗುತ್ತೆ. ಹಸಿವಾದ್ರೆ ಊಟಕ್ಕೆ ಕೂರ್ತಾರೆ."

ತರ್ಕದಲ್ಲಿ ತಪ್ಪಿಲ್ಲ. ಒಟ್ಟಿನಲ್ಲಿ ಮೂರು ತಂಡಗಳನ್ನು ಒಡೆದು ಕೈ ಪಳಗಿದ ಅಣ್ಣತಂಗಿ, ವಜೀರನನ್ನೂ ಸೇರಿಸಿಕೊಂಡು ನಾಲ್ಕನೆಯದನ್ನು ಕಟ್ಟಲು ಹೊರಟಿದ್ದರು. ತಂಡಕ್ಕೆ 'ತ್ರೀ ಥ್ರೋನ್ಸ್' ಎಂದು ಹೆಸರಾಯಿತು. ಮೂರು ಸಿಂಹಾಸನ. ಪ್ರಜೆ ಅಂತ ಇದ್ದವನು ಡೆಲ್ಬರ್ಟ್ ಒಬ್ಬನೇ.

ಮೊದಲು ಬೂಟಿನಂಗಡಿಗೆ ಹೋದ. ರೋಲಂಡ್ ಯಾರದ್ದೋ ಹಿಮ್ಮಡಿ ಹಿಡಿದುಕೊಂಡೇ ಗುಡುಗಿದ.

"ಅವಳ ಜೊತೆನಾ? ಆ ಬಾಯಿಬಡುಕಿ ಜೊತೆನಾ? ಥೂ! ಸರಿ, ಅಮ್ಮನ ಮುಖ ನೋಡ್ಕೊಂಡು ಬರ್ತೀನಿ. ಆದ್ರೆ ಕೊನೇ ಚರಣ ನಂದು. ಅರ್ಥ ಆಯ್ತಾ?"

"ಹೌದು," ಅಂದ ಡೆಲ್ಬರ್ಟ್.

ಮನೆಗೆ ಬಂದ. ಡಚೆಸ್ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು ಇಸ್ತ್ರಿಪೆಟ್ಟಿಗೆಯನ್ನೇ ಅವನತ್ತ ತೋರಿಸಿದಳು.

"ಆ ಸುಳ್ಳುಬುರುಕನ ಪಕ್ಕ ನಾನು ನಿಲ್ಬೇಕಾ? ನಿಲ್ತೀನಿ, ಅಮ್ಮನಿಗೋಸ್ಕರ. ಆದ್ರೆ ಅವನು ವದರಿದ ಮೇಲೆ ನಾನು ಬಂದು ಗುಡಿಸಿ ಹಾಕ್ತೀನಿ. ಕೊನೇ ಚರಣ ನಂದೇ. ಏನಂತೀಯ?"

ಇಸ್ತ್ರಿಪೆಟ್ಟಿಗೆಯಿಂದ ಹೊಗೆ ಬರುತ್ತಿತ್ತು. "ಹೌದು," ಅಂದ ಡೆಲ್ಬರ್ಟ್.

ವಜೀರ್ ಮಾತ್ರ ಕೂಗಾಡಲಿಲ್ಲ. ಕಣ್ಣು ಮುಚ್ಚಿ, ಗಡ್ಡ ನೀವಿ, "ಡೆಲ್ಬರ್ಟ್, ಮೋಡಗಳೆಲ್ಲ ಸರಿದ ಮೇಲಲ್ವಾ ಸೂರ್ಯ ಹೊಳೆಯೋದು?" ಅಂದ. ಡೆಲ್ಬರ್ಟ್‌ಗೆ ತಲೆಬುಡ ತಿಳಿಯಲಿಲ್ಲ. ಅಭ್ಯಾಸಬಲದಿಂದ "ಹೌದು" ಅಂದ. "ಅಂದ್ರೆ ಕೊನೇ ಚರಣ ನನ್ನದು ಅಂತ ಒಪ್ಪಿದ್ಯಲ್ಲ," ಅಂತ ವಜೀರ್ ಅವನ ಕೈ ಕುಲುಕಿದ. ಕುಲುಕಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ?

ಒಟ್ಟಿಗೆ ಅಭ್ಯಾಸ ಮಾಡಿಸಿದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಡಿಜೆ ಫೆಲಿಕ್ಸ್‌ನ ನೆಲಮಾಳಿಗೆಗೆ ಒಬ್ಬೊಬ್ಬರನ್ನೇ ಒಂದೊಂದು ದಿನ ಕಳಿಸಿದ. ಫೆಲಿಕ್ಸ್ ಪೋರ್ಟೊ ರಿಕೋದ ಮುದುಕ. ನಮ್ಮ ಬೀದಿಯ ಎಲ್ಲ ಮದುವೆಗೂ ಹಾಡು ಹಾಕಿದವನು. ಅವನ ಮುಂದೆ ಡಚೆಸ್ ತನ್ನ ಚರಣ ಶುರುಮಾಡಿದ್ದು ಹೀಗೆ:

"ಇಷ್ಟೊತ್ತು ಕೇಳಿದಿರಿ ಕಪ್ಪೆಗಳ ವಟವಟ,
ಈಗ ರಾಣಿ ಬಂದ್ಲು, ಬಾಯ್ ಮುಚ್ಚಿ ಪಟಪಟ!"

ಮಾರನೇ ದಿನ ರೋಲಂಡ್:

"ಚಿಕ್ಕಪುಟ್ಟ ಪಟಾಕಿ ಹೊಡೆದು ಮುಗೀತಾ?
ಗುಡುಗು ಈಗ ಬಂತು, ಕಿವಿಗೆ ಹತ್ತಿ ಸಿಗ್ತಾ?"

ಅದರ ಮಾರನೇ ದಿನ ವಜೀರ್:

"ದೊರೆಗಳೆಲ್ಲ ಕುಣಿದು ಸುಸ್ತಾಗಿ ಕೂತ್ರು,
ವಜೀರ ಎದ್ದ ಕೂಡ್ಲೇ ಕಿರೀಟ ತಂದಿತ್ರು!"

ಫೆಲಿಕ್ಸ್ ಹೆಡ್‌ಫೋನ್ ಕಳಚಿ ಡೆಲ್ಬರ್ಟ್‌ನ ಕೊರಳಪಟ್ಟಿ ಹಿಡಿದ. "ಏನೋ ಇದು ಪ್ರಾಣಿ? ಮೂರೂ ಬಾಲ! ತಲೆ ಎಲ್ಲೋ?"

"ಸ್ಟೇಜಿಗೆ ಹತ್ತಿದ್ಮೇಲೆ ಯಾರಾದ್ರೂ ಒಬ್ರು ಶುರು ಮಾಡ್ಲೇಬೇಕಲ್ಲ ಫೆಲಿಕ್ಸ್. ಜನ ಅಷ್ಟೊಂದಿರ್ತಾರೆ. ನಾಚಿಕೆಯಾದ್ರೂ ಆಗುತ್ತೆ."

"ನಾಚಿಕೆನಾ? ಈ ಮೂವರಿಗಾ?" ಫೆಲಿಕ್ಸ್ ಎದೆಗೆ ಶಿಲುಬೆ ಗುರುತು ಹಾಕಿಕೊಂಡ.

ಹಬ್ಬದ ಶನಿವಾರ ಬಂತು. ಬೀದಿಯ ಎರಡೂ ತುದಿಗೆ ಮರದ ಅಡ್ಡಗಟ್ಟೆ. ಹವಾಲ್ದಾರನ ಹಾಗೆ ಮೀಸೆ ಬಿಟ್ಟ ಪೊಲೀಸ್ ಬ್ರೆಸ್ಲಿನ್ ಅಲ್ಲಿ ನಿಂತು "ಆರು ಗಂಟೆಗೆ ಬೀದಿ ತೆರೀಬೇಕು, ಆರು ಅಂದ್ರೆ ಆರು" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಒಲೆಗಳ ಮೇಲೆ ಮಾಂಸ ಚಟಗುಟ್ಟುತ್ತಿತ್ತು. ಬೆಂಕಿ ಆರಿಸಲು ಬೀದಿಬದಿಗೆ ಇಟ್ಟ ನಲ್ಲಿ ಬಿಚ್ಚಿ ಮಕ್ಕಳು ನೀರಾಟ ನಡೆಸಿದ್ದರು. ಮೂರನೇ ಮಹಡಿಯ ಮಿಸೆಸ್ ಟಾಲಿವರ್, ವರ್ಷವಿಡೀ ಕಿಟಕಿಯಿಂದ ಬೀದಿಯನ್ನು ಆಳುವವರು, ಅವತ್ತು ಮಡಚುವ ಕುರ್ಚಿ ಹಿಡಿದು ಕೆಳಗೇ ಇಳಿದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕ ಮಿಸ್ ಅರ್ಲೀನ್, ಹಳದಿ ಟೋಪಿಯಲ್ಲಿ, ತೊಡೆಯ ಮೇಲೆ ಕೈಚೀಲ.

ಮೂವರೂ ಸ್ಟೇಜ್ ಹತ್ತಿದರು. ಜನ ಕಿರುಚಿದರು. ಫೆಲಿಕ್ಸ್ ಬೀಟ್ ಹಾಕಿದ. ಧಡ್, ಧಧಡ್, ಧಡ್. ತಲೆಗಳೆಲ್ಲ ತೂಗಿದವು.

ಚರಣ ಬರಲಿಲ್ಲ.

ಡಚೆಸ್ ಅಣ್ಣನ ಕಡೆ ನೋಡಿದಳು. ರೋಲಂಡ್ ವಜೀರನ ಕಡೆ ನೋಡಿದ. ವಜೀರ್ ಆಕಾಶ ನೋಡಿದ. ಬೀಟ್ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಜನ ಇದು ಏನೋ ಹೊಸ ನಮೂನೆ ಇರಬೇಕೆಂದು ಚಪ್ಪಾಳೆ ತಟ್ಟಿದರು.

"ಹೆಂಗಸ್ರು ಮೊದ್ಲು," ಅಂದ ರೋಲಂಡ್ ಮೈಕಿನಲ್ಲೇ, ಹಲ್ಲು ಕಿರಿದು.

"ಹಿರಿಯರು ಮೊದ್ಲು," ಅಂದಳು ಡಚೆಸ್. "ಕಿಡ್ ಅವ್ರಿಗೆ ಮೊಣಕಾಲು ನೋವು, ಬೇಗ ಮುಗಿಸಿ ಕೂತ್ಕೊಳ್ಲಿ."

"ಅತಿಥಿಗಳು ಮೊದ್ಲು," ಅಂತ ಇಬ್ಬರೂ ವಜೀರನ ಕಡೆ ತಿರುಗಿದರು.

"ನಾನು ಅತಿಥಿ ಅಲ್ಲ, ನಾನು ಋತು," ಅಂದ ವಜೀರ್. "ಬರೋ ಹೊತ್ತಿಗೆ ಬರ್ತೀನಿ."

ಹಿಂದೆ ಯಾರೋ "ಏ, ಹಾಡ್ರೋ!" ಅಂದರು. ಮಿಸೆಸ್ ಟಾಲಿವರ್ ಕೈಯಲ್ಲಿದ್ದ ಬೀಸಣಿಗೆ ನಿಲ್ಲಿಸಿದರು. "ಯಾಕಮ್ಮಾ, ಇವ್ರು ಬಸ್ಸಿಗೆ ಕಾಯ್ತಾ ಇದ್ದಾರಾ? ನಮ್ ಇಗರ್ಜೀಲಿ ಪಾದ್ರಿ ನಿದ್ದೆ ಹೋದಾಗ್ಲೂ ಇದಕ್ಕಿಂತ ಚುರುಕಾಗಿರುತ್ತೆ."

"ಲೋ, ಮೊದಲು ನೀನು ಹಾಡು ಅಂತ ಮ್ಯಾನೇಜರ್ ನಿಂಗೆ ಹೇಳಿಲ್ವಾ?" ರೋಲಂಡ್ ವಜೀರನನ್ನು ಕೇಳಿದ. ಮೈಕ್ ತೆರೆದೇ ಇತ್ತು. ಇಡೀ ಬೀದಿಗೆ ಕೇಳುತ್ತಿತ್ತು.

"ಮ್ಯಾನೇಜರ್ ನನಗೆ ಕೊನೇ ಚರಣ ಕೊಟ್ಟಿದ್ದಾನೆ. ಕೈ ಕುಲುಕಿ ಕೊಟ್ಟಿದ್ದಾನೆ."

"ನಿಂಗಾ? ನಂಗಲ್ವಾ ಕೊಟ್ಟಿದ್ದು!"

"ಇಬ್ರೂ ಸುಮ್ನಿರ್ರೋ!" ಡಚೆಸ್ ಚೀರಿದಳು. "ಮದುವೆ ಆಗಿರೋದು ನನ್ನ! ಕೊಟ್ಟಿದ್ದು ನಂಗೆ!"

ಆಮೇಲೆ ಮೂವರೂ ಒಟ್ಟಿಗೆ ತಿರುಗಿ ಸ್ಪೀಕರಿನ ಹಿಂದೆ ಕುಗ್ಗಿ ನಿಂತಿದ್ದವನನ್ನು ನೋಡಿದರು. ತ್ರೀ ಥ್ರೋನ್ಸ್ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಲಯವೂ ಸರಿಯಾಗಿತ್ತು.

"ಡೆಲ್ಬರ್ಟ್!"

ರೋಲಂಡ್ ಅವನ ತೋಳು ಹಿಡಿದು ಸ್ಟೇಜಿನ ಮಧ್ಯಕ್ಕೆ ಎಳೆದ. "ಎರಡು ನಾಲಿಗೆ ಹಾವು ನೀನು!" "ಎರಡಲ್ಲ, ಮೂರು!" ಅಂದಳು ಹೆಂಡತಿ. "ಮನೆಗೆ ಬಾ, ನಿಂಗಿದೆ!" ವಜೀರ್ ಕೂಡ ಸಾಮ್ರಾಜ್ಯ ಮರೆತು "ಮುಠ್ಠಾಳ!" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಕೆಳಗೆ ಜನ ಕೂಗಲು ಶುರುಮಾಡಿದರು. ಒಂದು ಜೋಳದ ತೆನೆ ಹಾರಿಬಂದು ಡೆಲ್ಬರ್ಟ್‌ನ ಹಣೆಗೆ ಬಡಿಯಿತು. ಸುಟ್ಟದ್ದು, ಬೆಣ್ಣೆ ಹಚ್ಚಿದ್ದು.

ಡೆಲ್ಬರ್ಟ್ ಜನರ ಮೇಲಿನಿಂದ ಹಳದಿ ಟೋಪಿಯನ್ನು ನೋಡಿದ. ಮಿಸ್ ಅರ್ಲೀನ್ ಕೈಚೀಲ ಭುಜಕ್ಕೆ ಏರಿಸಿ ನಿಧಾನವಾಗಿ ಏಳುತ್ತಿದ್ದರು.

ಅದೊಂದನ್ನು ಅವನಿಂದ ನೋಡಲಾಗಲಿಲ್ಲ. ಹೆಂಡತಿಯ ಕೈಯಿಂದ ಮೈಕ್ ಕಿತ್ತುಕೊಂಡ. ಹುಟ್ಟಿದಾಗಿನಿಂದ "ಹೌದು" ಅಂದಿದ್ದ ಬಾಯಿ ತೆರೆಯಿತು.

"ಇಲ್ಲ!" ಅಂದ. "ಇಲ್ಲ, ಇಲ್ಲ, ಇಲ್ಲ!"

ಫೆಲಿಕ್ಸ್ ಬೀಟ್ ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದರೆ ಅದು ಬರೀ ಬೈಗುಳವಾಗುತ್ತಿತ್ತು. ಆದರೆ ವರ್ಷಗಟ್ಟಲೆ ಬಸ್ಸಿನಲ್ಲಿ ನಿಲ್ದಾಣಗಳ ಹೆಸರು ಕೂಗಿದ ಗಂಟಲು, ತಾನಾಗಿ ತಾಳಕ್ಕೆ ಕೂತುಬಿಟ್ಟಿತು.

"ಆರು ವರ್ಷ ಆಯ್ತು, ಭಾನುವಾರ ಬಂತು, ಎರಡೂಟ! ಇವಳ ಸಿಟ್ಟಿಗೊಂದು, ಇವನ ಸಿಟ್ಟಿಗೊಂದು, ಎರಡೂಟ! ಡಚೆಸ್ ಅಂತೆ ಡಚೆಸ್! ನಿದ್ದೇಲೂ ಜಗಳ ಆಡ್ತಾಳೆ, ಗೊರಕೇನೂ ಪ್ರಾಸ! ಕಿಡ್ ಅಂತೆ ಕಿಡ್! ಮೊಣಕಾಲಿಗೆ ಎಣ್ಣೆ ಉಜ್ಜೋ ಮೂವತ್ತಾರು ವರ್ಷದ ಕೂಸು! ವಜೀರ ಅಂತೆ ವಜೀರ! ರಾಜ್ಯ ಎಲ್ಲಯ್ಯಾ? ಅಂಚೆಕಚೇರಿ ಗೋಣಿಚೀಲ! ಎಪ್ಪತ್ತು ವರ್ಷದ ತಾಯಿ ಒಂದು ತಟ್ಟೆ ಊಟಕ್ಕೆ ಕರೆದ್ರೆ ನಿಮಗೆ ಕೊನೇ ಚರಣ ಬೇಕಾ? ತಿನ್ರೋ ಚರಣಾನ! ಉಪ್ಪು ಹಾಕ್ಕೊಂಡು ತಿನ್ರೋ!"

"ಎರಡೂಟ!" ಎಂದು ಹಿಂದಿನ ಸಾಲು ಕೂಗಿತು. "ಎರಡೂಟ!" ಎಂದು ಇಡೀ ಬೀದಿ ಕೂಗಿತು. ಮಿಸೆಸ್ ಟಾಲಿವರ್ ಕುರ್ಚಿಯ ಮೇಲೆ ಹತ್ತಿ ನಿಂತರು. ಪೊಲೀಸ್ ಬ್ರೆಸ್ಲಿನ್‌ನ ಬೂಟು ತನಗೆ ತಿಳಿಯದೆಯೇ ನೆಲ ತಟ್ಟುತ್ತಿತ್ತು. ಮಿಸ್ ಅರ್ಲೀನ್ ಮತ್ತೆ ಕೂತರು.

ಮೊದಲ ಚರಣ ಆಗಿಹೋಗಿತ್ತು!

ಡಚೆಸ್ ಮೈಕ್ ಕಸಿದುಕೊಂಡಳು. ಬರೆದುಕೊಂಡು ಬಂದ ಕಪ್ಪೆಗಳೆಲ್ಲ ಓಡಿಹೋಗಿದ್ದವು. ಹೊಟ್ಟೆಯಿಂದಲೇ ಬಂತು: ಇವನ ಒಗೆಯದ ಕಾಲುಚೀಲ, ಮರೆತ ಹುಟ್ಟುಹಬ್ಬ, ಸುಟ್ಟ ಕಾಫಿ, ಎಲ್ಲವೂ ಪ್ರಾಸದಲ್ಲಿ. ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ರೋಲಂಡ್ ನುಗ್ಗಿದ. "ನನ್ ತಂಗೀನ ಗೊರಕೆ ಅಂದ್ಯೇನೋ? ಅವಳನ್ನ ಬಯ್ಯೋಕೆ ಹಕ್ಕಿರೋದು ಒಬ್ಬನಿಗೆ, ಅದು ನಂಗೆ!" ಎಂದು ಡೆಲ್ಬರ್ಟ್‌ನ ಹೊಟ್ಟೆಯ ಮೇಲೆ ಒಂದು ಚರಣ ಪೂರ್ತಿ ಹೊಸೆದ. ತಂಗಿ ಹಿಂದಿನಿಂದ "ಹೇಳು ಅಣ್ಣಾ!" ಅಂದಳು. ಆರು ವರ್ಷದಲ್ಲಿ ಅವನಿಗೆ ಅವಳಾಡಿದ ಮೊದಲ ಮಾತು. ಆಮೇಲೆ ವಜೀರ್ ಬಂದು ಗೋಣಿಚೀಲದ ಸೇಡು ತೀರಿಸಿಕೊಂಡ.

ನಲವತ್ತು ವರ್ಷದಿಂದ ಈ ಬೀದಿಯಲ್ಲಿದ್ದೇನೆ. ಅಂಥ ಹಾಡು ಕೇಳಿಲ್ಲ. ಒಬ್ಬ ಬಡಪಾಯಿ ಬಸ್ ಡ್ರೈವರನನ್ನು ಮೂವರು ಕಲಾವಿದರು ಅಷ್ಟು ಮನಸ್ಸಿಟ್ಟು ಉಗಿದದ್ದೂ ಕಂಡಿಲ್ಲ. ಕೊನೆಯ ಚರಣ ಯಾರದ್ದಾಯಿತು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ವಜೀರ್ ಮುಗಿಸಿದರೆ ಡಚೆಸ್ ಮತ್ತೆ ಶುರು, ಅವಳು ಮುಗಿಸಿದರೆ ರೋಲಂಡ್. ಆರು ಗಂಟೆಗೆ ಬ್ರೆಸ್ಲಿನ್ ಸ್ಪೀಕರಿನ ಪ್ಲಗ್ ಕಿತ್ತ. ಜನ ಅವನ ಮೇಲೆ ಬಾಯಿ ಮಾಡಿದರು. ಮೂವರೂ ಮೈಕಿಲ್ಲದೆಯೇ ಡೆಲ್ಬರ್ಟ್‌ನನ್ನು ಬಯ್ಯುತ್ತಾ ಮೆಟ್ಟಿಲು ಹತ್ತಿದರು. ಬಯ್ಯುತ್ತಲೇ ಬಾಗಿಲು ದಾಟಿದರು. ಬಯ್ಯುತ್ತಲೇ, ಗಮನಕ್ಕೇ ಬಾರದೆ, ಮಿಸ್ ಅರ್ಲೀನ್ ಹಾಸಿಟ್ಟ ಮೇಜಿಗೆ ಕೂತುಬಿಟ್ಟರು. ನನ್ನನ್ನೂ ಕರೆದಿದ್ದರು. ನಾನು ಡೆಲ್ಬರ್ಟ್‌ನ ಪಕ್ಕ ಕೂತೆ. ಆ ಬದಿಯಲ್ಲಿ ಬೇರೆ ಯಾರೂ ಕೂರಲೊಪ್ಪಲಿಲ್ಲ.

ಅಣ್ಣತಂಗಿ ಎದುರಿಗೆ ಅಕ್ಕಪಕ್ಕ. ಕೋಳಿ ತಿರುಗಿತು, ಸೊಪ್ಪು ತಿರುಗಿತು. "ಇವನ ಮುಖ ನೋಡು," ಅನ್ನುತ್ತಾಳೆ ಅವಳು. "ಜೋಳ ತಗುಲಿದಾಗ ನೋಡ್ಬೇಕಿತ್ತು," ಅನ್ನುತ್ತಾನೆ ಅವನು. ಇಬ್ಬರೂ ನಗುತ್ತಾರೆ. ಮಿಸ್ ಅರ್ಲೀನ್ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಡೆಲ್ಬರ್ಟ್ ಸಿಟ್ಟಿನಿಂದ ಕುದಿಯುತ್ತಾ, ತಟ್ಟೆ ಬಿಟ್ಟು ತಲೆ ಎತ್ತದೆ ಕಾರ್ನ್ ಬ್ರೆಡ್ ಮುರಿಯುತ್ತಿದ್ದ.

ಅಷ್ಟರಲ್ಲಿ ರೋಲಂಡ್ ಬಾಯಲ್ಲಿ ಮೂಳೆ ಇಟ್ಟುಕೊಂಡೇ ಅಂದ: "ಗ್ವೆನ್, ಆ ಕಾಲುಚೀಲದ ಸಾಲು ಬಲು ಚೆನ್ನಾಗಿತ್ತು. ಯಾರು ಬರೆದಿದ್ದು?"

ಡಚೆಸ್ ಕರವಸ್ತ್ರವನ್ನು ನಿಧಾನವಾಗಿ ಮಡಚಿ ತಟ್ಟೆಯ ಪಕ್ಕ ಇಟ್ಟಳು. "ಏನಂದೆ?" ಅಂದಳು. ಕುರ್ಚಿ ಹಿಂದಕ್ಕೆ ಸರಿಯಿತು. ರೋಲಂಡ್‌ಗೆ ತಾನೇನೆಂದೆ ಎಂಬುದು ಆಗ ಹೊಳೆಯಿತು. ಆದರೆ ಅವನು ಕ್ಷಮೆ ಕೇಳುವ ಜಾತಿಯವನಲ್ಲ. "ಕೇಳಿದ್ರಲ್ಲಿ ತಪ್ಪೇನಿದೆ?" ಎಂದು ಎದೆ ಸೆಟೆಸಿದ.

ಮಿಸ್ ಅರ್ಲೀನ್ ಡೆಲ್ಬರ್ಟ್‌ನನ್ನು ನೋಡಿದರು. ಡೆಲ್ಬರ್ಟ್ ಅವರನ್ನು ನೋಡಿದ. ಕೈಯಲ್ಲಿದ್ದ ಬ್ರೆಡ್ ಕೆಳಗಿಟ್ಟ. ಅವತ್ತೇ ಮೊದಲ ಸಲ ಆ ಮನುಷ್ಯ ಪೂರ್ತಿ ಯೋಚಿಸಿ ಮಾತಾಡಿದ್ದು.

"ಯಾರು ಬರೆದ್ರೇನು ಬಿಡ್ರಿ," ಅಂದ ಗಟ್ಟಿಯಾಗಿ. "ನಿಮ್ಮಿಬ್ಬರನ್ನೂ ಕೂಡಿಸಿ ತೂಗಿದ್ರೂ ಇವತ್ತು ವಜೀರನೇ ವಾಸಿ."

ಅಬ್ಬಬ್ಬಾ! ಅಣ್ಣತಂಗಿ ಒಂದೇ ಕುರ್ಚಿಯಿಂದೆದ್ದ ಹಾಗೆ ಎದ್ದರು. "ಏನಂದ್ಯೋ ದ್ರೋಹಿ!" "ನಮ್ಮ ಮನೆ ಉಪ್ಪು ತಿಂದು!" "ಕೇಳಿದ್ಯಾ ಅಣ್ಣಾ ಇವನ ಮಾತು?" "ಬಿಡು ಗ್ವೆನ್, ಇವನಿಗೆ ಕಿವಿ ಎಲ್ಲಿದೆ, ಬರೀ ಹೊಟ್ಟೆ!" ಸೊಪ್ಪಿನ ಬಟ್ಟಲು ಉರುಳಿತು. ಒಂದು ಕೋಳಿಕಾಲು ನನ್ನ ಕಿವಿಯ ಪಕ್ಕ ಹಾರಿಹೋಯಿತು.

ವಜೀರ್ ಮಾತ್ರ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. "ಮ್ಯಾನೇಜರ ಬಾಯಲ್ಲೇ ಬಂತು. ಇನ್ನು ನಿಮ್ಮಂಥವರ ಜೊತೆ ನಿಲ್ಲೋದು ನನ್ನ ಘನತೆಗೆ ಕಡಿಮೆ. ಇವತ್ತಿಂದ ನಾನು ಒಬ್ಬನೇ," ಎಂದು ಒಂದು ಕೋಳಿ ತುಂಡು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟ. ತ್ರೀ ಥ್ರೋನ್ಸ್ ಮಹಾತಂಡ ಹೀಗೆ ಒಡೆಯಿತು. ಹುಟ್ಟಿದ ಸಂಜೆಯೇ ಸತ್ತ ಬೇರೆ ತಂಡ ನಮ್ಮ ಕಡೆ ಇಲ್ಲ. ಅವನ ಹಿಂದೆ ಬಾಗಿಲಿನವರೆಗೆ ಹೋಗಿ ಉಗಿದು ಬಂದ ಅಣ್ಣತಂಗಿ, ಉಳಿದ ಸಿಟ್ಟನ್ನು ಡೆಲ್ಬರ್ಟ್‌ನ ಮೇಲೆ ಸುರಿಯಲು ಮತ್ತೆ ಅದೇ ಮೇಜಿಗೆ ಕೂತರು.

ಬೈದು ಬೈದು ಇಬ್ಬರ ದನಿಯೂ ಸ್ವಲ್ಪ ಇಳಿಯಿತು. ರೋಲಂಡ್ ತಂಗಿಯ ಕಡೆ ತಿರುಗಿ, ಮತ್ತೇನೋ ಹೇಳಲು ಬಾಯಿ ತೆರೆಯುತ್ತಿದ್ದ.

ಮಿಸ್ ಅರ್ಲೀನ್ ಗೆಣಸಿನ ಪೈ ತಂದರು. ಮೊದಲ ತುಂಡು, ಎಲ್ಲಕ್ಕಿಂತ ದೊಡ್ಡದು, ಡೆಲ್ಬರ್ಟ್‌ನ ತಟ್ಟೆಗೆ ಇಟ್ಟರು. ಇಡುವಾಗ ಬಗ್ಗಿ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆತ್ತಗೆ ಅವನ ಕಿವಿಯಲ್ಲಿ ಹೇಳಿದರು:

"ಬೇಗ ಮಗಾ, ಇನ್ನೂ ಏನಾದ್ರೂ ಅನ್ನು."